ಅಗೆಯದೆ ಬರೆದ ಒಂದು ಸಾಲು

ಮಣ್ಣು ಸಮೀಕ್ಷೆಯ ಕೆಲಸಕ್ಕೆ ಈಗ ಸೇರುತ್ತಿರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲಿ ನಿಮ್ಮನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ನೀವು ಬರೆದದ್ದನ್ನು ಎಲ್ಲರೂ ನಂಬುತ್ತಾರೆ. ಮೊದಲನೆಯದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಎರಡನೆಯದಕ್ಕೆ ಮಾತ್ರ ಹೆದರಿಕೊಂಡಿರಿ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಗುಂಡಿ ತೋಡಿಸಿ, ಅದರೊಳಗೆ ಇಳಿದು, ಮಣ್ಣು ನೋಡಿ ಬರೆದವಳು ನಾನು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದೆಮಟ್ಟದ ಗುಂಡಿಯಲ್ಲಿ ನಿಂತ ಹೆಂಗಸನ್ನು ಕಂಡು ದನ ಕಾಯುವವರು ಮೊದಲು ಬೆದರುತ್ತಿದ್ದರು, ಆಮೇಲೆ ನಗುತ್ತಿದ್ದರು. ಕೈಯಲ್ಲಿ ಪುಸ್ತಕ ಇದ್ದುದರಿಂದ ಶಾಲೆಯವಳೆಂದು ತಿಳಿದು ‘ಅಕ್ಕೋರೆ’ ಎಂದು ಕರೆದರು. ನಾನು ಯಾವ ಶಾಲೆಯಲ್ಲೂ ಒಂದು ದಿನ ಪಾಠ ಮಾಡಿದವಳಲ್ಲ, ಆದರೂ ನಿವೃತ್ತಿಯವರೆಗೆ ಅದೇ ಹೆಸರು ಉಳಿಯಿತು. ಭಟ್ಕಳದ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರು ನನ್ನ ಚೀಲ ನೋಡಿ, "ಇದ್ರಲ್ಲಿ ಎಂತ ಅಕ್ಕೋರೆ?" ಎಂದು ಕೇಳಿದ್ದರು. ಮಣ್ಣು ಎಂದೆ. "ಮಣ್ಣು ಹೊತ್ಕಂಡು ತಿರುಗೂಕೆ ಸರ್ಕಾರ ಪಗಾರ ಕೊಡ್ತದಾ?" ಎಂದು ಕೇಳಿ, ಚಹಾದ ದುಡ್ಡು ಬೇಡ ಎಂದರು. ನನ್ನ ಸ್ಥಿತಿ ನೋಡಿ ಅವರಿಗೆ ನಿಜವಾಗಿಯೂ ಕನಿಕರ ಬಂದಿತ್ತು.

ಬಡ್ತಿ, ವರ್ಗಾವಣೆಗಳ ಸುದ್ದಿ ಬರೆಯುವುದಿಲ್ಲ. ಎರಡು ಹೊಂಡಗಳ ಸುದ್ದಿ ಬರೆಯುತ್ತೇನೆ. ಭಟ್ಕಳ ತಾಲೂಕಿನ ಒಂದು ಹೊಂಡ ನಾನು ಬರೆದ ಒಂದು ಸಾಲಿನಿಂದ ಬತ್ತಿತು. ಅದೇ ಸಾಲಿನಿಂದ ಹಳದೀಪುರದ ಮೂಡಲಿಗಿರುವ ಇನ್ನೊಂದು ಹೊಂಡ ಹಾಳಾಗುವುದರಲ್ಲಿತ್ತು.

ಅದಕ್ಕಿಂತ ಮೊದಲು ಈ ಕೆಲಸ ಹೇಗೆ ಕಲಿತೆ ಎಂಬುದನ್ನು ಹೇಳಬೇಕು. ನನ್ನ ಮೊದಲ ಮೇಲಧಿಕಾರಿ ಬಹಳ ಸಿಡುಕಿನ ಮನುಷ್ಯ. ಮೊದಲ ವಾರವೆಲ್ಲ ನನ್ನ ಅಂಗೈಗೆ ಮಣ್ಣು ಹಾಕಿ, ನೀರು ಚಿಮುಕಿಸಿ, ನಾದಲು ಹೇಳಿದರು. ನಾದಿದ ಮಣ್ಣನ್ನು ಹೆಬ್ಬೆರಳಿಂದ ಒತ್ತಿ ಪಟ್ಟಿ ಎಳೆಯಬೇಕು. ಪಟ್ಟಿ ಬೇಗ ಮುರಿದರೆ ಮರಳು ಹೆಚ್ಚು, ಮುರಿಯದೆ ಬೆರಳುದ್ದ ಇಳಿದರೆ ಜೇಡಿ ಹೆಚ್ಚು. ಕಣ್ಣು ಮುಚ್ಚಿಸಿ ಹತ್ತು ಮಣ್ಣು ಕೊಟ್ಟು ಹೆಸರು ಹೇಳಿಸುತ್ತಿದ್ದರು. ತಪ್ಪಿದರೆ ಬೈಯುತ್ತಿರಲಿಲ್ಲ, ಮತ್ತೆ ಮೊದಲಿನಿಂದ ಕೊಡುತ್ತಿದ್ದರು. ಬೈಗುಳವೇ ವಾಸಿ ಅನಿಸುತ್ತಿತ್ತು.

ತದಡಿಯ ಹತ್ತಿರ ಹಿನ್ನೀರಿನ ಗದ್ದೆಗಳಲ್ಲಿ ನನ್ನ ಮೊದಲ ಎಡವಟ್ಟು ಆಯಿತು. ಇಪ್ಪತ್ತು ಚೀಲ ಒದ್ದೆ ಮಣ್ಣು ತುಂಬಿಸಿ, ಯಾವುದು ಎಲ್ಲಿಯದು ಎಂದು ಕಾಗದದ ಚೀಟಿಯಲ್ಲಿ ಬರೆದು ಚೀಲದೊಳಗೇ ಹಾಕಿದ್ದೆ. ಕುಮಟಾಕ್ಕೆ ಬಂದು ಬಿಚ್ಚಿದಾಗ ಇಪ್ಪತ್ತು ಚೀಟಿಯೂ ಕರಗಿ ಮಣ್ಣಿನೊಂದಿಗೆ ಸೇರಿದ್ದವು. ನೆನಪಿನ ಮೇಲೆ ಹೊಸ ಚೀಟಿ ಬರೆಯುತ್ತ ಕೂತಿದ್ದೆ. ಸಾಹೇಬರು ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. "ಗೊತ್ತಿಲ್ಲ ಅಂತ ಬರೆಯೋಕೆ ಪ್ರತಿ ಚೀಟಿಯಲ್ಲೂ ಜಾಗ ಇದೆಯಮ್ಮ" ಎಂದರು, ಇಪ್ಪತ್ತು ಚೀಲವನ್ನೂ ಅಂಗಳಕ್ಕೆ ಸುರಿಸಿದರು. ಮರುದಿನ ಮತ್ತೆ ಮೊಣಕಾಲುದ್ದ ಕೆಸರಿನಲ್ಲಿ ನಿಂತೆ. ಪಾಠ ಕಲಿತೆ ಎಂದುಕೊಂಡೆ. ಕಲಿತಿರಲಿಲ್ಲ.

ಈಗ ಬೇಣದ ಮಣ್ಣಿನ ವಿಷಯ. ನಮ್ಮ ಕರಾವಳಿಯ ಗುಡ್ಡಗಳ ನೆತ್ತಿಯಲ್ಲಿ ಮರವಿಲ್ಲದ, ಹುಲ್ಲು ಮಾತ್ರ ಬೆಳೆಯುವ ಬಯಲುಗಳಿವೆ. ದನ ಮೇಯುವುದು ಅಲ್ಲೇ. ಇವಕ್ಕೆ ಬೇಣ ಎನ್ನುತ್ತಾರೆ. ಮೇಲೆ ಒಂದೆರಡು ಅಡಿ ಕೆಂಪು ಜೇಡಿ ಮಣ್ಣು. ಮಳೆಗಾಲದಲ್ಲಿ ದನದ ಗೊರಸಿಗೆ ಅಂಟಿ ಬಿಡುವುದಿಲ್ಲ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಹೆಂಟೆಯಾಗುತ್ತದೆ. ಅದರ ಕೆಳಗೆ ಒಂದು ಗಟ್ಟಿ ಪದರ. ಹಾರೆ ಹಾಕಿದರೆ ಠಣ್ ಎನ್ನುತ್ತದೆ. ಈ ಪದರ ಏನು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅದು ಬಿಸಿಲಿಗೆ ಒಣಗಿ ಗಟ್ಟಿಯಾದ ಜೇಡಿಯೇ ಆಗಿದ್ದರೆ ಮಳೆ ಬಿದ್ದ ಮೇಲೆ ಮೆತ್ತಗಾಗುತ್ತದೆ, ಎಷ್ಟು ಅಗೆದರೂ ಅದೇ ಜೇಡಿ. ಕಬ್ಬಿಣದ ಅಂಶದಿಂದ ಬೆಸೆದುಕೊಂಡ ಪದರವಾಗಿದ್ದರೆ ನೀರಿಗೂ ಮೆತ್ತಗಾಗುವುದಿಲ್ಲ, ಮತ್ತು ಅದರ ಅಡಿಯಲ್ಲಿ ಹೆಚ್ಚಾಗಿ ಬಿಳಿಯ ಶೇಡಿ ಮಣ್ಣಿರುತ್ತದೆ. ಗೋಡೆಗೆ ಬಳಿಯುತ್ತಿದ್ದರಲ್ಲ, ಅದೇ ಶೇಡಿ. ನೀರು ಸಿಕ್ಕಿದರೆ ಕರಗಿ ಒಳಗೊಳಗೇ ಸುರಂಗ ಮಾಡಿಕೊಂಡು ಹರಿದುಹೋಗುವ ಮಣ್ಣು ಅದು.

ಎರಡನ್ನೂ ಬೇರೆ ಮಾಡುವುದು ಬಹಳ ಸುಲಭ. ಒಂದು ತುಂಡನ್ನು ಲೋಟದ ನೀರಿಗೆ ಹಾಕಿ ಕಾಯಬೇಕು, ಮತ್ತು ಪದರವನ್ನು ಒಡೆದು ಕೆಳಗೆ ನೋಡಬೇಕು. ಅಷ್ಟೇ. ಆದರೆ ನಾವು ಬೇಣಕ್ಕೆ ಹೋಗುತ್ತಿದ್ದದ್ದು ಬೇಸಿಗೆಯಲ್ಲಿ ಮಾತ್ರ, ಯಾಕೆಂದರೆ ಮಳೆಗಾಲದಲ್ಲಿ ಜೀಪು ಹತ್ತುವುದಿಲ್ಲ, ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಬೇಸಿಗೆಯಲ್ಲಿ ಎಲ್ಲ ಮಣ್ಣೂ ಠಣ್ ಎನ್ನುತ್ತದೆ.

ಭಟ್ಕಳದ ಮೂಡಲಿಗೆ, ಗುಡ್ಡದ ಮೇಲೆ ಗೊಂಡರ ಒಂದು ಕೇರಿ. ಹೆಸರು ಬರೆಯುವುದಿಲ್ಲ, ಕಾರಣ ಮುಂದೆ ತಿಳಿಯುತ್ತದೆ. ಕೇರಿಯ ಪಕ್ಕದ ಬೇಣದಲ್ಲಿ ಒಂದು ಹೊಂಡ. ಮೇ ತಿಂಗಳ ಕಡೆಯವರೆಗೂ ಅದರಲ್ಲಿ ನೀರಿರುತ್ತಿತ್ತು. ಕೇರಿಯ ದನ, ಎಮ್ಮೆಗಳಿಗೆ ಅದೇ ನೀರು. ಶನಿಯಾರ ಎಂಬವನು ಆ ಕೇರಿಯಲ್ಲಿ ನಾಲ್ಕು ಜನ ಕೇಳುವಂಥ ಮನುಷ್ಯ. ಅವನ ಹೆಂಡತಿ ಎಮ್ಮೆ ಸಾಕಿ ಭಟ್ಕಳಕ್ಕೆ ಹಾಲು ಕಳಿಸುತ್ತಿದ್ದಳು.

ಆ ಬೇಣದಲ್ಲಿ ನಮ್ಮದು ಆ ವರ್ಷದ ಕೊನೆಯ ಗುಂಡಿ. ಅಗೆಯುವವನು ಹೊನ್ನಾವರದ ಗಣಪಣ್ಣ. ನನ್ನ ಜೊತೆ ವರ್ಷಗಟ್ಟಲೆ ಗುಂಡಿ ತೋಡಿದವನು, ಮಣ್ಣಿನ ವಿಷಯದಲ್ಲಿ ನನಗಿಂತ ಹೆಚ್ಚು ತಿಳಿದವನು. ಮೊಣಕಾಲು ಆಳಕ್ಕೆ ಗಟ್ಟಿ ಪದರ ಸಿಕ್ಕಿತು. ಗಣಪಣ್ಣ ಅರ್ಧ ತಾಸು ಗುದ್ದಿದ. ಹಾರೆಯ ಮೊನೆ ಮಡಚಿತು. "ಇವತ್ತು ಆಗೂದಲ್ಲ ಅಕ್ಕೋರೆ. ನಾಳೆ ಬೇರೆ ಹಾರೆ ತರ್ತೆ" ಎಂದ. ನಾಳೆ ಜೀಪು ಇರಲಿಲ್ಲ. ಮೂರು ಗಂಟೆಗೆ ಜೀಪು ಕಾರವಾರಕ್ಕೆ ವಾಪಸು ಹೋಗಬೇಕಿತ್ತು. ನನ್ನ ಕೈಯಲ್ಲಿದ್ದ ನಮೂನೆಯಲ್ಲಿ ‘ಗಟ್ಟಿ ಪದರದ ಕೆಳಗೆ’ ಎಂಬ ಕಾಲಂ ಖಾಲಿ ಇತ್ತು. ಬರುವಾಗ ಗಾಡಿದಾರಿಯ ಅಂಚಿನಲ್ಲಿ ಕೆಳಗಿನವರೆಗೂ ಕೆಂಪು ಜೇಡಿ ಕಂಡಿದ್ದು ನೆನಪಾಯಿತು. ಗೇರು ಮರದ ನೆರಳಲ್ಲಿ ಕೂತು ಬರೆದೆ: ‘ಒಣಗಿ ಗಟ್ಟಿಯಾದ ಜೇಡಿ. ಕೆಳಗೂ ಅದೇ ಜೇಡಿ. ಅಗೆಯಬಹುದು.’

ಗಣಪಣ್ಣ ಓದುಬರಹ ಕಲಿತವನಲ್ಲ. "ಎಂತ ಬರ್ದ್ರಿ?" ಎಂದು ಕೇಳಿದ. "ಎಂತ ಇಲ್ಲ, ನಡಿ" ಎಂದೆ.

ಈಗ ವರ್ಗೀಕರಣ ಹೇಗೆ ನಡೆಯುತ್ತದೆ ಕೇಳಿ. ಒಂದು ಬಗೆಯ ಮಣ್ಣು ಮೊದಲು ಎಲ್ಲಿ ಸರಿಯಾಗಿ ವಿವರವಾಗುತ್ತದೋ ಆ ಊರಿನ ಹೆಸರನ್ನೇ ಅದಕ್ಕೆ ಇಡುತ್ತೇವೆ. ಅದು ಒಂದು ಸೀರೀಸ್ ಆಗುತ್ತದೆ. ಆಮೇಲೆ ಬಣ್ಣ, ಆಳ, ಜೇಡಿಯ ಪ್ರಮಾಣದಲ್ಲಿ ಅದಕ್ಕೆ ಹೊಂದುವ ಮಣ್ಣು ಎಲ್ಲಿ ಕಂಡರೂ ಅದೇ ಹೆಸರು, ಅದೇ ವಿವರ. ಪ್ರತಿ ಬೇಣದಲ್ಲೂ ಗುಂಡಿ ತೋಡುತ್ತ ಕೂರಲು ಯಾರಿಗೂ ಸಾಧ್ಯವಿಲ್ಲ. ನನ್ನ ಆ ಗುಂಡಿಯೇ ಸೀರೀಸ್‌ನ ಮೂಲ ಗುಂಡಿಯಾಯಿತು. ಕೇರಿಯ ಹೆಸರು ನನ್ನ ತಪ್ಪು ವಿವರಕ್ಕೆ ಅಂಟಿತು, ಅದಕ್ಕೇ ಇಲ್ಲಿ ಬರೆಯುತ್ತಿಲ್ಲ. ಮೂರು ತಾಲೂಕಿನ ನಕ್ಷೆಯಲ್ಲಿ ಆ ಹೆಸರಿನ ಎರಡು ಅಕ್ಷರ ಬೇಣ ಬೇಣಗಳ ಮೇಲೆ ಕೂತವು. ನಾನು ಆ ನಕ್ಷೆ ನೋಡಿ ಹೆಮ್ಮೆಪಟ್ಟಿದ್ದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಮುಂದಿನ ವರ್ಷ ಹೊಂಡಗಳನ್ನು ಆಳ ಮಾಡುವ ಕೆಲಸ ಮಂಜೂರಾಯಿತು. ಆಳ ಮಾಡಿದರೆ ಹೆಚ್ಚು ನೀರು ನಿಲ್ಲುತ್ತದೆ ಎಂಬುದು ಯೋಚನೆ. ವರದಿಯಲ್ಲಿ ಅಗೆಯಬಹುದು ಎಂದಿತ್ತು. ಕೇರಿಯವರು ಮಾತ್ರ ಒಪ್ಪಲಿಲ್ಲ. ಆ ಹೊಂಡಕ್ಕೆ ಕಬ್ಬಿಣ ಇಳಿಸುವ ಪದ್ಧತಿ ಇರಲಿಲ್ಲ. ವರ್ಷಕ್ಕೊಮ್ಮೆ ಹೂಳು ತೆಗೆಯುವಾಗ ಮರದ ಹಲಗೆಯಿಂದ ಎಳೆದು ಬುಟ್ಟಿಗೆ ತುಂಬುತ್ತಿದ್ದರು. ಗುದ್ದಲಿ, ಪಿಕಾಸಿ ದಂಡೆಯ ಮೇಲೇ ಬಿಡಬೇಕು. ನಾನು ಅದನ್ನು ನನ್ನ ಪುಸ್ತಕದಲ್ಲಿ ‘ಸ್ಥಳೀಯ ನಂಬಿಕೆ’ ಎಂದು ಬರೆದು ಮುಂದೆ ಹೋಗಿದ್ದೆ.

ಕೇರಿಯವರನ್ನು ಒಪ್ಪಿಸಲು ನನ್ನನ್ನೇ ಕಳಿಸಿದರು. ಶನಿಯಾರ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ. "ಅಕ್ಕೋರೆ, ನೀವು ತಳ ನೋಡಿದ್ರಿ ಅಲ್ಲಾ? ನೀವು ಆತು ಹೇಳಿದ್ರೆ ಆತು. ನಾ ಇವರಿಗೆ ಹೇಳ್ತೆ."

"ನೋಡಿದ್ದೇನೆ" ಎಂದೆ.

ಅವನು ಎಲ್ಲರನ್ನೂ ಕೂರಿಸಿ ಒಪ್ಪಿಸಿದ. ಅವನ ತಮ್ಮನೇ ಬೇಡ ಬೇಡ ಎಂದು ಎದ್ದುಹೋದ. ಜೆಸಿಬಿ ಬಂದ ದಿನ ಶನಿಯಾರನೇ ದಂಡೆಯ ಮೇಲೆ ನಿಂತು, "ಇನ್ನೊಂದು ಅಡಿ ಹೋಗ್ಲಿ, ಎಮ್ಮೆ ಮುಳುಗುವಷ್ಟು ಆಗ್ಲಿ" ಎಂದನಂತೆ. ಆ ವರ್ಷ ಮಳೆಗಾಲದಲ್ಲಿ ಹೊಂಡ ತುಂಬಿತು. ದೀಪಾವಳಿ ಕಳೆದ ಮೇಲೆ ಒಂದು ವಾರದಲ್ಲಿ ಖಾಲಿಯಾಯಿತು. ಗುಡ್ಡದ ಬುಡದ ಒರತೆಯಲ್ಲಿ ನಾಲ್ಕು ದಿನ ಹಾಲಿನಂಥ ಬಿಳಿ ನೀರು ಬಂತು ಎಂದು ಸುದ್ದಿ ಮುಟ್ಟಿತು. ಶೇಡಿ. ತಳ ಒಡೆದಿತ್ತು.

ಯಾಕೆ ಬತ್ತಿತು ಎಂದು ವಿಚಾರಿಸಲು ಇಬ್ಬರು ಬಂದರು. ನಾನೂ ಜೊತೆಗಿದ್ದೆ. ಕಾಗದದಲ್ಲಿ ಕೊನೆಗೆ ಬಂದದ್ದು ಇಷ್ಟು: ‘ಸ್ಥಳೀಯರ ಒತ್ತಾಯದ ಮೇರೆಗೆ ಹೆಚ್ಚು ಆಳ ಅಗೆದ ಕಾರಣ.’ ಸ್ಥಳೀಯರು ಎಂದರೆ ಶನಿಯಾರ. ಅದರ ಕೆಳಗೆ ನಾನು ಸಹಿ ಹಾಕಿದೆ. ನನ್ನ ಗುಂಡಿ ಅರ್ಧಕ್ಕೇ ನಿಂತಿತ್ತೇ ಎಂದು ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ. ಹೊರಡುವಾಗ ಶನಿಯಾರನ ಹೆಂಡತಿ ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಗಂಡನಿಗೆ ಹೇಳುತ್ತಿದ್ದಳು. "ಕಬ್ಬಿಣ ಇಳ್ಸಿದವ ನೀನೇ. ಇನ್ನು ನೀನೇ ಹೊತ್ಕಂಡು ಬಾ ನೀರು." ಅವನು ತಲೆ ತಗ್ಗಿಸಿ ನಿಂತಿದ್ದ. ನಾನು ಜೀಪು ಹತ್ತಿದೆ.

ಇಂಥ ತಪ್ಪು ಮಾಡಿದ ಮೇಲೆ ಮನುಷ್ಯರಿಗೆ ನಿದ್ದೆ ಬರುವುದಿಲ್ಲ ಎಂದು ಬರೆಯುವುದು ರೂಢಿ. ನನಗೆ ನಿದ್ದೆ ಬರುತ್ತಿತ್ತು. ಕೆಲಸ ಬೇಕಾದಷ್ಟಿತ್ತು. ಮಣ್ಣಿನ ಬಣ್ಣ ಹೋಲಿಸುವ ಪುಸ್ತಕ, ಮಣ್ಣು ಕೊರೆದು ತೆಗೆಯುವ ಆಗರ್ ಹಿಡಿದು ತಿರುಗುತ್ತಿದ್ದವರ ಕೈಗೆ ಉಪಗ್ರಹದ ಚಿತ್ರ ಬಂತು, ಆಮೇಲೆ ಟ್ಯಾಬ್ ಬಂತು. ಹೊಸಬರು ಬೇಣಕ್ಕೆ ಬಂದು ಮಣ್ಣು ಮುಟ್ಟುವ ಮೊದಲೇ ಪರದೆಯ ಮೇಲೆ ಹೆಸರು ನೋಡುತ್ತಿದ್ದರು. ಅವರ ಮೇಲೆ ರೇಗುತ್ತಿದ್ದೆ. ಆದರೆ ಪರದೆಯ ಮೇಲಿದ್ದ ಹೆಸರು ನಾನಿಟ್ಟದ್ದೇ. ಆ ಕೇರಿಯ ದಾರಿಗೆ ಮಾತ್ರ ಯಾವುದಾದರೂ ನೆವ ಹೇಳಿ ಬೇರೆಯವರನ್ನು ಕಳಿಸುತ್ತಿದ್ದೆ.

ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಕುಮಟಾದ ಕಚೇರಿಯಲ್ಲಿ ನನ್ನ ಮೇಜಿಗೆ ಒಂದು ಪಟ್ಟಿ ಬಂತು. ಆಳ ಮಾಡಬೇಕಾದ ಹೊಂಡಗಳು, ಪ್ರತಿಯೊಂದರ ಎದುರು ಮಣ್ಣಿನ ಸೀರೀಸ್, ಕೊನೆಗೆ ನನ್ನ ಸಹಿಗೆ ಜಾಗ. ಮೊದಲನೆಯದು ಹಳದೀಪುರದ ಮೂಡಲಿನ ಬೇಣ. ಎದುರಿಗೆ ಅದೇ ಎರಡು ಅಕ್ಷರ. ಸಹಿ ಬರೀ ಕಡತಕ್ಕೆ. ಕೆಲಸದ ಆದೇಶ ಆಗಲೇ ಹೋಗಿತ್ತು, ಮರುದಿನ ಬೆಳಿಗ್ಗೆಯೇ ಶುರು.

ನಮ್ಮ ಆಗಿನ ಮೇಲಧಿಕಾರಿ ಕುಲಕರ್ಣಿ ಸಾಹೇಬರು, ಧಾರವಾಡದ ಕಡೆಯವರು. ನ್ಯಾಯದ ಮನುಷ್ಯ, ಆದರೆ ಕಾಗದ ಬಿಟ್ಟು ಬೇರೆ ಏನನ್ನೂ ನಂಬುವವರಲ್ಲ. ಫೋನು ಮಾಡಿ, ಆ ಬೇಣ ಅಗೆಯಬಾರದು ಎಂದೆ.

"ಯಾಕ್ರಿ ಮೇಡಂ? ಸೀರೀಸ್ ಒಂದ ಅಂದಮ್ಯಾಲೆ ಗುಣಾನೂ ಒಂದ ಅಲ್ಲೇನು? ಬರದಾಕಿ ನೀವ. ಬ್ಯಾರೆ ಐತಿ ಅನ್ನೋದಕ್ಕ ಆಧಾರ ಕೊಡ್ರಿ, ನಿಲ್ಲಸ್ತೀನಿ. ಬರೇ ಬಾಯಿಮಾತಿಲೆ ನಿಲ್ಲಸಾಕ ಆಗೂದಿಲ್ಲ."

ಆಧಾರ ಎಂದರೆ ಗುಂಡಿ. ಗಣಪಣ್ಣನ ಮನೆಗೆ ಫೋನು ಮಾಡಿದೆ. ಅವನಿಗೂ ವಯಸ್ಸಾಗಿತ್ತು, ಕೆಲಸ ಬಿಟ್ಟಿದ್ದ. "ಎರಡು ಹಾರೆ ತಕಂಡು ಬಾ" ಎಂದೆ. ಯಾಕೆ ಎಂದು ಅವನು ಕೇಳಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಹಳದೀಪುರದಲ್ಲಿ ಇಳಿದು ಇಬ್ಬರೂ ಬೇಣ ಹತ್ತಿದೆವು. ಹೊಂಡದಲ್ಲಿ ಇನ್ನೂ ಸೊಂಟದಷ್ಟು ನೀರಿತ್ತು. ದಂಡೆಯಲ್ಲಿ ಬೀರಮ್ಮ ಎಂಬವಳು ದನ ಹೊಡೆದುಕೊಂಡು ನಿಂತಿದ್ದಳು. ಗುಡ್ಡದ ಕೆಳಗಿನ ಕೊಪ್ಪದ, ಎಂದರೆ ಹಾಲಕ್ಕಿ ಕೇರಿಯ ಹೆಂಗಸು, ಐವತ್ತರ ಮೇಲಿನ ವಯಸ್ಸು. ಅವಳ ಹನ್ನೊಂದು ದನಗಳಿಗೂ, ಕೊಪ್ಪದ ಉಳಿದವರ ದನಗಳಿಗೂ ಮಳೆ ಬರುವವರೆಗೆ ಬೇರೆ ನೀರಿಲ್ಲ. ಯಂತ್ರ ಬರುವ ಸುದ್ದಿ ಅವಳಿಗೆ ಗೊತ್ತಿತ್ತು.

"ನೀವು ಅಗಿಸೂಕೆ ಬಂದವರಾ, ನಿಲ್ಸೂಕೆ ಬಂದವರಾ?" ಎಂದು ಕೇಳಿದಳು.

"ನಿಲ್ಲಿಸಲಿಕ್ಕೆ. ಆದರೆ ಇದರ ತಳದಲ್ಲಿ ಎಂತ ಇದೆ ಅಂತ ನಾನು ತೋರಿಸಬೇಕು."

"ಅದು ಎಂತಕ್ಕೆ ತೋರ್ಸೂದು? ನಮ್ಮತ್ತೆ ಈ ಹೊಂಡಕ್ಕೆ ಹಲಗೆ ಬಿಟ್ರೆ ಬೇರೆ ಎಂತದೂ ಇಳ್ಸೂಕೆ ಬಿಡ್ತಿತ್ತಿಲ್ಲ. ಕತ್ತಿ ಬಿದ್ರೂ ಮುಳುಗಿ ಹುಡ್ಕಿ ತೆಗಿತಿತ್ತು." ನನ್ನ ಚೀಲ, ಪುಸ್ತಕ ಎಲ್ಲ ನೋಡಿ ಮತ್ತೆ ಹೇಳಿದಳು. "ನೀವು ಬ್ಯಾಸಗೀಲಿ ಬತ್ರಿ, ಬ್ಯಾಸಗೀಲೇ ಹೋತ್ರಿ. ಮಳೆಗಾಲದಲ್ಲಿ ಈ ಮಣ್ಣು ಎಂತ ಮಾಡ್ತದೆ ಹೇಳಿ ಒಂದಿನ ಆದ್ರೂ ನೋಡಿದ್ರ್ಯಾ?"

ಇಲ್ಲ ಎಂದೆ. ಮೂವತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ನಮ್ಮನ್ನು ಯಾರೂ ಕೇಳಿರಲಿಲ್ಲ, ನಾವೇ ಕೇಳಿಕೊಂಡಿರಲಿಲ್ಲ.

ಹೊಂಡದ ತಳ ಮುಟ್ಟುವಂತಿಲ್ಲ. ನಲವತ್ತು ಹೆಜ್ಜೆ ದೂರದಲ್ಲಿ, ಇಳಿಜಾರಿನ ಕಡೆಗೆ ಗುಂಡಿ ಶುರು ಮಾಡಿದೆವು. ಮೇಲಿನ ಜೇಡಿ ಬೇಗ ಹೋಯಿತು. ಮೊಣಕಾಲು ಆಳಕ್ಕೆ ಹಾರೆ ಠಣ್ ಎಂದಿತು. ಗಣಪಣ್ಣ ನನ್ನ ಮುಖ ನೋಡಿದ. "ಭಟ್ಕಳದ್ದು ನೆನಪಿದ್ದಾ ಅಕ್ಕೋರೆ? ಇದೇ ಸದ್ದು." ಅವನಿಗೆ ಅಷ್ಟು ವರ್ಷದ ಹಿಂದಿನ ಸದ್ದು ನೆನಪಿತ್ತು. ನನಗೂ ಇತ್ತು. "ಇವತ್ತು ಒಡೀಲೇಬೇಕು" ಎಂದೆ.

ಒಂಬತ್ತು ಗಂಟೆಗೆ ಗುಡ್ಡದ ಬುಡದಲ್ಲಿ ಜೆಸಿಬಿ ಹತ್ತುವ ಸದ್ದು ಕೇಳಿತು. ಗಣಪಣ್ಣ ಅಂಗಿ ಬಿಚ್ಚಿಟ್ಟು ಗುದ್ದುತ್ತಿದ್ದ. ನಾನು ಇನ್ನೊಂದು ಹಾರೆ ಹಿಡಿದು ಎದುರಿಗೆ ನಿಂತೆ. ನನ್ನ ಏಟಿಗೆ ಚೂರೂ ಎದ್ದುಬರುತ್ತಿರಲಿಲ್ಲ, ಆದರೂ ನಿಲ್ಲಿಸಲು ಆಗಲಿಲ್ಲ. ಅಂಗೈ ಸುಲಿದು ಉರಿಯುತ್ತಿತ್ತು. ಯಂತ್ರ ನೆತ್ತಿಗೆ ಬಂದು ಹೊಂಡದ ಕಡೆ ತಿರುಗಿತು. ಗುತ್ತಿಗೆದಾರರ ಕಡೆಯ ಮೇಸ್ತ್ರಿ ಬೈಕಿನಲ್ಲಿ ಹಿಂದೆ ಬಂದ. ನಾನು ತಡೆದರೆ, "ನಂಗೆ ಆರ್ಡರ್ ಇದ್ದು ಮೇಡಂ, ನಿಮ್ಮ ಸಾಹೇಬ್ರು ಹೇಳ್ಲಿ, ಈಗ್ಲೇ ವಾಪಸ್ ಹೋತೆ" ಎಂದ. ಅವನದೇನೂ ತಪ್ಪಿರಲಿಲ್ಲ.

ಆಗ ಬೀರಮ್ಮ ಹನ್ನೊಂದು ದನಗಳನ್ನೂ ಹೊಂಡಕ್ಕೆ ಇಳಿಸಿದಳು. ತಾನೂ ಸೊಂಟದ ನೀರಿಗೆ ಇಳಿದು ಒಂದೊಂದರ ಮೈ ತಿಕ್ಕಲು ಶುರುಮಾಡಿದಳು. ಮೇಸ್ತ್ರಿ ಕೂಗಿದ. "ದನ ನೀರು ಕುಡಿತಾ ಇದ್ದೋ. ಕುಡ್ದಾದ ಮೇಲೆ ಬನ್ನಿ" ಎಂದಳು. ಕುಡಿದು ಮುಗಿಸಿದ ದನವನ್ನು ಮೆಲ್ಲಗೆ ತಿರುಗಿಸಿ ಮತ್ತೆ ನೀರಿನ ನಡುವಿಗೆ ಒಯ್ಯುತ್ತಿದ್ದಳು. ಡ್ರೈವರ್ ಇಂಜಿನ್ ಆರಿಸಿ ಬೀಡಿ ಹಚ್ಚಿದ.

ಹತ್ತೂವರೆಯ ಹೊತ್ತಿಗೆ ಗಣಪಣ್ಣನ ಹಾರೆ ಒಮ್ಮೆಲೇ ಒಳಗೆ ಹೋಯಿತು. ಗೇಣುದ್ದದ ದಪ್ಪ, ಅಷ್ಟೇ ಆ ಪದರ. ಅದರ ಕೆಳಗೆ ಕೆಂಪು ಬಿಳಿ ಚುಕ್ಕೆಯ ಮಣ್ಣು ಅಂಗೈ ಅಗಲ, ಆಮೇಲೆ ಬರೀ ಬಿಳಿ. ಗುಂಡಿಯೊಳಗೆ ಇಳಿದು ಬೆರಳಿಂದ ಮುಟ್ಟಿದೆ. ಶೇಡಿ. ಎರಡು ಸ್ಟೀಲ್ ಲೋಟಕ್ಕೆ ನೀರು ಹಾಕಿ, ಒಂದಕ್ಕೆ ಗಟ್ಟಿ ಪದರದ ತುಂಡು, ಇನ್ನೊಂದಕ್ಕೆ ಬಿಳಿ ತುಂಡು ಹಾಕಿದೆ. ಮೊದಲನೆಯದು ಹಾಗೇ ಕೂತಿತು. ಎರಡನೆಯದು ಕಣ್ಣೆದುರೇ ಕುಸಿದು ನೀರು ಹಾಲಾಯಿತು. ಬೀರಮ್ಮನ ಕೊಡದಲ್ಲಿ ನೀರು ತರಿಸಿ ಗುಂಡಿಗೆ ಸುರಿದೆವು. ನೋಡುತ್ತಿದ್ದಂತೆ ಇಂಗಿ ಮಾಯವಾಯಿತು. ಇನ್ನೊಂದು ಕೊಡ ಸುರಿದೆವು, ಅದೂ ಹೋಯಿತು. ಮೇಸ್ತ್ರಿ ಬಂದು ಬಗ್ಗಿ ನೋಡಿದ.

ಬೇಣದ ಒಂದು ಮೂಲೆಯಲ್ಲಿ ಮಾತ್ರ ನೆಟ್‌ವರ್ಕ್ ಸಿಗುತ್ತಿತ್ತು. ಓಡಿಹೋಗಿ ಫೋಟೋಗಳನ್ನು ಕುಲಕರ್ಣಿ ಸಾಹೇಬರಿಗೆ ಕಳಿಸಿದೆ. ಅವರದೇ ಫೋನು ಬಂತು.

"ನೋಡಿದೆ ಮೇಡಂ. ಆದ್ರ ಇದು ಒಂದ ಗುಂಡಿ. ಮೂಲ ಗುಂಡಿಯೊಳಗ, ಕೆಳಗ ಜೇಡಿ ಅಂತ ನೀವ ಬರದೀರಿ. ಅದರ ಮ್ಯಾಲೆ ಮೂರು ತಾಲೂಕಿನ ನಕ್ಷೆ ನಿಂತೈತಿ. ಎರಡರೊಳಗ ಯಾವುದು ಖರೆ?"

ಹೊಂಡದ ಕಡೆ ನೋಡಿದೆ. ದನಗಳು ಒಂದೊಂದಾಗಿ ದಂಡೆ ಹತ್ತುತ್ತಿದ್ದವು. ಹೊಟ್ಟೆ ತುಂಬಿದ ದನವನ್ನು ಎಷ್ಟು ಹೊತ್ತು ನೀರಲ್ಲಿ ನಿಲ್ಲಿಸಲು ಬರುತ್ತದೆ? ಡ್ರೈವರ್ ಎದ್ದು ತನ್ನ ಜಾಗಕ್ಕೆ ಹತ್ತುತ್ತಿದ್ದ. ಇದು ಬೇರೆ ಮಣ್ಣು, ಸೀರೀಸ್ ಬೇರೆ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಹಾಗೆ ಹೇಳಿದರೆ ಸಾಹೇಬರು ಇನ್ನೂ ಮೂರು ಗುಂಡಿ ಕೇಳುತ್ತಿದ್ದರು, ಅಷ್ಟರಲ್ಲಿ ಈ ಹೊಂಡ ಇರುತ್ತಿರಲಿಲ್ಲ. ಪಟ್ಟಿಯಲ್ಲಿ ಇದರ ಹಿಂದೆ ಇನ್ನೂ ಹೊಂಡಗಳಿದ್ದವು.

"ಮೂಲ ಗುಂಡಿ ಸುಳ್ಳು ಸರ್" ಎಂದೆ. "ಪದರ ಒಡೆದಿರಲಿಲ್ಲ. ಕೆಳಗೆ ನೋಡದೆ ಬರೆದೆ."

ಆ ಕಡೆ ಕಾಗದ ತಿರುವುವ ಸದ್ದು ಕೇಳಿತು.

"ಭಟ್ಕಳದ ಹೊಂಡ ಹೋತಲ್ಲ, ಅದು ಇದರಿಂದನ?"

"ಹೌದು."

"ಬರದು ಕೊಡ್ತೀರೇನು?"

ಜೆಸಿಬಿಯ ಇಂಜಿನ್ ಶುರುವಾಯಿತು. ಗುಂಡಿಯ ನಮೂನೆಯ ಹಿಂಬದಿಯಲ್ಲಿ, ಮಣ್ಣು ಮೆತ್ತಿದ ಕೈಯಿಂದಲೇ ಬರೆದೆ. ಮೂಲ ಗುಂಡಿಯ ಆಳ, ಹಾರೆ ಮಡಚಿದ್ದು, ಗೇರು ಮರದ ಕೆಳಗೆ ಕೂತು ಊಹೆಯಿಂದ ಆ ಸಾಲು ಬರೆದದ್ದು, ವಿಚಾರಣೆಯಲ್ಲಿ ಶನಿಯಾರನ ಮೇಲೆ ಬರೆಯಲು ಬಿಟ್ಟು ಸಹಿ ಹಾಕಿದ್ದು, ಎಲ್ಲವನ್ನೂ ಬರೆದೆ. ಹಾಳೆಯ ಫೋಟೋ ತೆಗೆದು ಕಳಿಸಿದೆ. ಯಂತ್ರದ ಕೈ ಎದ್ದು ದಂಡೆಯ ಮೇಲೆ ಬಂದಿತ್ತು. ಬೀರಮ್ಮ ನೀರಿನಿಂದ ಮೇಲೆ ಬಂದಿರಲಿಲ್ಲ, ಒಬ್ಬಳೇ ನಡುವೆ ನಿಂತಿದ್ದಳು. ಮೇಸ್ತ್ರಿಯ ಫೋನು ಹೊಡೆದುಕೊಂಡಿತು. ಅವನು ಕೇಳಿಸಿಕೊಂಡ, ಎರಡು ಸಲ ‘ಆತು ಸಾರ್’ ಎಂದ, ಡ್ರೈವರ್‌ಗೆ ಕೈ ಅಡ್ಡ ಮಾಡಿದ. ನಾನು ಗುಂಡಿಯ ಮಣ್ಣಿನ ರಾಶಿಯ ಮೇಲೇ ಕೂತುಬಿಟ್ಟೆ. ಬೀರಮ್ಮ ದಂಡೆಗೆ ಬಂದು ಸೀರೆ ಹಿಂಡಿಕೊಳ್ಳುತ್ತ, "ಆ ಗುಂಡಿ ಮುಚ್ಚೇ ಹೋಗೂದು, ದನ ಬೀಳ್ತದೆ" ಎಂದಳು. ಮೇಲಿನ ಜೇಡಿಯನ್ನೇ ನೀರು ಹಾಕಿ ತುಳಿದು ತುಳಿದು ಮುಚ್ಚುವುದನ್ನು ಅವಳೇ ತೋರಿಸಿಕೊಟ್ಟಳು.

ಆಮೇಲೆ ಆದದ್ದು ಕಚೇರಿಯ ವಿಷಯ. ಕಾರಣ ಕೇಳಿ ನೋಟಿಸು ಬಂತು, ಉತ್ತರ ಕೊಟ್ಟೆ. ಸೀರೀಸ್ ರದ್ದಾಯಿತು, ಬೇಣಗಳನ್ನೆಲ್ಲ ಮತ್ತೆ ಅಗೆದು ನೋಡಿದರು. ಕೆಲವು ಕಡೆ ಕೆಳಗೆ ನಿಜವಾಗಿಯೂ ಜೇಡಿಯೇ ಇತ್ತು, ಹಲವು ಕಡೆ ಶೇಡಿ. ಒಂದು ಸಲ ಮಳೆಗಾಲದಲ್ಲೂ ಹೋಗಿ ನೋಡಬೇಕು ಎಂಬ ನಿಯಮ ಬಂತು. ಅದು ಬೀರಮ್ಮನ ನಿಯಮ, ಕಾಗದದಲ್ಲಿ ಅವಳ ಹೆಸರಿಲ್ಲ.

ನಿವೃತ್ತಿಯಾದ ಮರುವಾರ ಭಟ್ಕಳದ ಬಸ್ಸು ಹತ್ತಿದೆ. ಬರೆದುಕೊಟ್ಟ ಹಾಳೆಯ ಪ್ರತಿ ಚೀಲದಲ್ಲಿತ್ತು. ಕೇರಿಗೆ ಹದಿನಾರು ವರ್ಷದ ಮೇಲೆ ಹೋದದ್ದು. ಹೊಂಡದಲ್ಲಿ ಮುಳ್ಳುಗಿಡ ಬೆಳೆದಿತ್ತು, ಎಮ್ಮೆ ಒಂದೂ ಕಾಣಲಿಲ್ಲ. ಶನಿಯಾರ ಜಗಲಿಯಲ್ಲಿ ಒಬ್ಬನೇ ಕೂತಿದ್ದ. ಗುರುತು ಹಿಡಿದ. "ಅಕ್ಕೋರು. ಬನ್ನಿ" ಎಂದು ಮಣೆ ಕೊಟ್ಟ.

ಕೂರಲಿಲ್ಲ, ನಿಂತೇ ಹೇಳಿದೆ. ಹೊಂಡದ ತಳ ನಾನು ನೋಡಿರಲಿಲ್ಲ, ನೋಡಿದ್ದೇನೆ ಎಂದು ನಿನಗೆ ಸುಳ್ಳು ಹೇಳಿದೆ, ಆಮೇಲೆ ನಿನ್ನ ಮೇಲೆ ಬರೆದಾಗ ಸುಮ್ಮನಿದ್ದೆ. ಅವನು ಪೂರ್ತಿ ಕೇಳಿದ. ಹಾಳೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ಅವನಿಗೆ ಓದಲು ಬರುತ್ತಿರಲಿಲ್ಲ.

"ಇದನ್ನ ಇಲ್ಲಿ ಎಲ್ಲರ ಮುಂದೆ ಓದ್ತ್ರ್ಯಾ?" ಎಂದ.

ಓದುತ್ತೇನೆ ಎಂದೆ. ಅವನೇ ಮನೆ ಮನೆಗೆ ಹೋಗಿ ಕರೆದ. ಇಪ್ಪತ್ತು ಜನ ಬಂದರು. ಅವನ ತಮ್ಮ ದೂರದಲ್ಲಿ ಕಟ್ಟೆಯ ಮೇಲೆ ಕೂತ. ಫೋನಿನಲ್ಲಿ ಸಾಹೇಬರಿಗೆ ಹೇಳಿದ್ದು, ಕಾಗದದಲ್ಲಿ ಬರೆದದ್ದು ಇದರ ಎದುರು ಏನೂ ಅಲ್ಲ. ಆ ಅಂಗಳದಲ್ಲಿ ಅಷ್ಟೂ ಮುಖಗಳ ಮುಂದೆ ಒಂದು ಸಾಲೂ ಬಿಡದೆ ಓದಿದೆ. ಓದಿ ಮುಗಿದ ಮೇಲೆ ಒಬ್ಬ ಮುದುಕಿ ಕೇಳಿದಳು. "ಹಾಂಗಾದ್ರೆ ಶನಿಯಾರ ಎಂತ ಮಾಡ್ಲಿಲ್ವಾ?"

"ಎಂತ ಮಾಡ್ಲಿಲ್ಲ. ಕಬ್ಬಿಣ ಇಳಿಸಬಾರದು ಅಂತ ನಿಮ್ಮ ಹಿರಿಯರು ಹೇಳಿದ್ದು ಸರಿ. ಇಳಿಸಬಹುದು ಅಂತ ಹೇಳಿದವಳು ನಾನು. ಅವನು ನನ್ನ ಮಾತು ನಂಬಿದ."

ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಬ್ಬೊಬ್ಬರಾಗಿ ಎದ್ದರು. ಶನಿಯಾರನ ತಮ್ಮ ಕಟ್ಟೆಯಿಂದ ಇಳಿದು ಬಂದು, ಅಣ್ಣನ ಹತ್ತಿರ ಸ್ವಲ್ಪ ಹೊತ್ತು ನಿಂತು ಹೋದ.

ಶನಿಯಾರ ನನ್ನನ್ನು ಬಸ್ಸಿನವರೆಗೆ ಬಿಡಲು ಬಂದ. ರಸ್ತೆಗೆ ಬಂದ ಮೇಲೆ, ಹೆಂಡತಿ ಹೇಗಿದ್ದಾಳೆ ಎಂದು ಕೇಳಿದೆ.

"ಅದು ಹೋತು ಅಕ್ಕೋರೆ. ಹೋದ ಮಳೆಗಾಲದಲ್ಲಿ." ಬಸ್ಸು ಬರುವ ಕಡೆ ನೋಡುತ್ತ ಹೇಳಿದ. "ಸಾಯೂವರೆಗೂ ನಂದೇ ತಪ್ಪು ಹೇಳಿ ನಂಬಿತ್ತು. ನಂಗೂ ಹಾಂಗೇ ಕಂಡಿತ್ತು. ಒಂದು ವರ್ಷ ಮೊದ್ಲು ಬಂದಿದ್ರೆ ಆತಿತ್ತು."

ಬಸ್ಸು ಬಂತು. ಅವನೇ ಕೈ ಅಡ್ಡ ಹಿಡಿದು ನಿಲ್ಲಿಸಿದ, ನನ್ನ ಚೀಲ ಮೇಲೆ ಕೊಟ್ಟ. ಅವನಿಗೆ ಏನು ಹೇಳಬೇಕಿತ್ತು ಎಂಬ ಜಾಗದಲ್ಲಿ ಇವತ್ತು ‘ಗೊತ್ತಿಲ್ಲ’ ಎಂದೇ ಬರೆಯುತ್ತಿದ್ದೇನೆ.